ಎಂಟು ಗಂಟೆ ದಾರಿ

ಧರ್ಮಪುರ ಹೋಬಳಿ, ಹಿರಿಯೂರು ತಾಲ್ಲೂಕು
ಮಾರ್ಚ್ 9, 2025

ದುರುಗೇಶ,

ಕಾಗದದಲ್ಲಿ ಮೊದಲು ಕ್ಷೇಮ ಸಮಾಚಾರ ಬರೆಯಬೇಕಂತೆ. ಅಪ್ಪ ಮಣ್ಣಾಗಿ ತಿಂಗಳು ತುಂಬುತ್ತಾ ಬಂತು. ನೀನು ಹನ್ನೊಂದನೇ ದಿನದ ಊಟಕ್ಕೂ ಕೂರದೆ ಜಗಳ ಮಾಡಿಕೊಂಡು ಹೋದೆ. ನನ್ನ ನಂಬರನ್ನೂ ನಿನ್ನ ಭಾವನ ನಂಬರನ್ನೂ ಬ್ಲಾಕ್ ಮಾಡಿದ್ದೀಯ. ಇಷ್ಟು ಬಿಟ್ಟರೆ ಎಲ್ಲ ಕ್ಷೇಮ.

ಇದನ್ನು ಹೊಳಲ್ಕೆರೆ ಓಬಣ್ಣನ ಕೈಲಿ ಕಳಿಸುತ್ತಿದ್ದೇನೆ. ರಜೆ ಮುಗಿಸಿ ನಿಮ್ಮ ಬೋರ್‌ವೆಲ್ ಲಾರಿಗೇ ವಾಪಸ್ ಬರುತ್ತಿದ್ದಾನೆ. ಹೋಗುವ ಮುಂಚೆ ಹೆಂಡತಿ ಜೊತೆ ನಮ್ಮ ಮನೆಗೆ ಬಂದು ಅಪ್ಪನ ಫೋಟೋಗೆ ಕೈ ಮುಗಿದು ಹೋದ. ಆಫ್ರಿಕಾದಲ್ಲಿ ನೆಲ ಕೊರೆಯುವ ನಮ್ಮ ಕಡೆಯ ಇಬ್ಬರಲ್ಲಿ ಒಬ್ಬನಿಗಾದರೂ ನಡತೆ ಇದೆಯಲ್ಲ ಅಂತ ಸಮಾಧಾನ ಆಯಿತು.

ಹಟ್ಟಿಯಲ್ಲಿ ನಿನಗೆ ಹೊಸ ಹೆಸರು ಬಂದಿದೆ, ದುಬೈ ದುರುಗ. ಸಣ್ಣ ಮಕ್ಕಳೂ ಹಾಗೇ ಅನ್ನುತ್ತವೆ. ತಪ್ಪು ಮಕ್ಕಳದಲ್ಲ. ಸೋಮವಾರ ಮಧ್ಯಾಹ್ನ ನಿನಗೆ ಫೋನ್ ಹೋಯಿತು, 'ಅಪ್ಪಗೆ ಜೋರೈತೆ, ಬಾ' ಅಂತ. 'ಹೊಂಟೆ' ಅಂದೆ. ಅಲ್ಲಿಂದ ಬೆಂಗಳೂರಿಗೆ ವಿಮಾನದಲ್ಲಿ ಎಂಟು ಗಂಟೆ ದಾರಿ ಅಂತ ಹಟ್ಟಿಗೆಲ್ಲ ಗೊತ್ತು. ಬೆಂಗಳೂರಿಂದ ಹಿರಿಯೂರಿಗೊಂದು ಬಸ್ಸು, ಹಿರಿಯೂರಿಂದ ಇಲ್ಲಿಗೊಂದು ಬಸ್ಸು. ಮಂಗಳವಾರ ಬೆಳಗಾಗುವ ಹೊತ್ತಿಗೆ ಅಪ್ಪ ಹೋದ. ಆಗ ನೀನು ಇನ್ನೇನು ಹಿರಿಯೂರು ದಾಟಿರಬೇಕು ಅಂದುಕೊಂಡಿದ್ದೆವು. ಐಸ್ ತರಿಸಿ ಸುತ್ತ ಜೋಡಿಸಿ ಕಾದೆವು. ಮಣ್ಣು ಆಗುವವರೆಗೂ ಒಲೆ ಹಚ್ಚುವ ಹಾಗಿಲ್ಲ. ಬಂದ ನೆಂಟರು ಬರಿ ಹೊಟ್ಟೆಯಲ್ಲಿ ಬೇವಿನ ಮರದ ಕೆಳಗೆ ಕೂತು ನಿನ್ನ ದಾರಿ ನೋಡಿದರು. ಬುಧವಾರ ಹೊತ್ತು ಇಳಿದ ಮೇಲೆ ಹಿರಿಯರು ಇನ್ನು ಇಡಬಾರದು ಅಂದರು. ಮಗ ಹಾಕಬೇಕಾದ ಮೂರು ಹಿಡಿ ಮಣ್ಣನ್ನು ದೊಡ್ಡಪ್ಪನ ಮಗ ಹಾಕಿದ.

ನೀನು ಗುರುವಾರ ಮಧ್ಯಾಹ್ನ ಬಂದೆ. ಕೈಯಲ್ಲಿ ದುಬೈ ಅಂತ ದಪ್ಪಕ್ಷರದಲ್ಲಿ ಬರೆದ ಹಳದಿ ಚೀಲ. ಚೀಲದೊಳಗೆ ಖರ್ಜೂರ. ಸಾವಿನ ಮನೆಗೆ ಸಿಹಿ ಹಿಡಿದುಕೊಂಡು ಬಂದವನನ್ನು ನಮ್ಮ ಹಟ್ಟಿ ನೋಡಿದ್ದು ಅದೇ ಮೊದಲು. "ಅಪ್ಪನ ಹೆಣ ಇಲ್ಲಿ ಇಕ್ಕಂಡು ನಾವು ಕಾಯ್ತಿದ್ರೆ, ಇವ್ನು ದುಬೈ ನೋಡ್ಕಂಡು ಬಂದವ್ನೆ" ಅಂತ ಯಾರೋ ಅಂದರು. ನಾನು ಆ ಚೀಲ ನೋಡಿದೆ, ನಿನ್ನ ಮುಖ ನೋಡಿದೆ, ಒಳಗೆ ಹೋದೆ.

ಈಗ ಕೇಳು. ಮಮತಾಳ ಅಪ್ಪ, ಹೊಸದುರ್ಗದ ಬೋರಣ್ಣ, ಮೊನ್ನೆ ಹೇಳಿ ಕಳಿಸಿದ್ದಾರೆ. ದೀಪಾವಳಿಗೆ ನೀನು ರಜೆಗೆ ಬಂದಾಗ ಅವಳಿಗೆ ಹೂ ಮುಡಿಸಿ ಬಂದೆವಲ್ಲ, ಆ ಮಾತನ್ನು ಸದ್ಯಕ್ಕೆ ಪಕ್ಕಕ್ಕೆ ಇಡೋಣ ಅಂತ. "ಹೆತ್ತಪ್ಪನ ಮಣ್ಣಿಗೆ ಬರ್ದೇ ಇರೋನು ನಾಳೆ ನನ್ನ ಮಗಳಿಗೆ ಜ್ವರ ಬಂದ್ರೆ ಬರ್ತಾನಾ?" ಅಂದರಂತೆ. ನಿನ್ನ ಹತ್ತಿರ ಉತ್ತರ ಇದ್ದರೆ ಬರೆ.

ನಿನ್ನ ಅಕ್ಕ (ಇದನ್ನು ಬ್ಲಾಕ್ ಮಾಡಲು ಬರುವುದಿಲ್ಲ),
ಉಚ್ಚಂಗಮ್ಮ

*

ಮೊಂಗು, ಜಾಂಬಿಯಾ
ಏಪ್ರಿಲ್ 6, 2025

ಅಕ್ಕ,

ನಿನ್ನ ಕಾಗದ ಓದಿ ನಕ್ಕೆ. ಓಬಣ್ಣನಿಗೂ ಓದಿ ಹೇಳಿದೆ. ಅವನು ನಗಲಿಲ್ಲ, ಅವನಿಗೆ ನಗು ಬರುವುದೇ ಅಪರೂಪ.

ನಮ್ಮ ಹಟ್ಟಿಯವರಿಗೆ ಬುದ್ಧಿ ಕಡಿಮೆ ಅಂತ ಗೊತ್ತಿತ್ತು. ಇಷ್ಟು ಕಡಿಮೆ ಅಂತ ಗೊತ್ತಿರಲಿಲ್ಲ. ಇಲ್ಲಿಯ ರಾಜಧಾನಿ ಲುಸಾಕಾದಿಂದ ಬೆಂಗಳೂರಿಗೆ ನೇರ ವಿಮಾನವೇ ಇಲ್ಲ. ದುಬೈನಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕು. ಧರ್ಮಪುರದಿಂದ ಹೊಳಲ್ಕೆರೆಗೆ ಹೊರಟವನು ಹಿರಿಯೂರಲ್ಲಿ ಇಳಿಯುತ್ತಾನೆ, ಚಿತ್ರದುರ್ಗದಲ್ಲಿ ಇಳಿಯುತ್ತಾನೆ. ಅವನನ್ನು ಯಾರಾದರೂ ಕೋಟೆ ಹತ್ತಿ ಬಂದ ಅನ್ನುತ್ತಾರಾ? ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ಎದ್ದು ಬಂದ ಅನ್ನುತ್ತಾರೆ. ನಾನು ದುಬೈನಲ್ಲಿ ನೋಡಿದ್ದು ಕುರ್ಚಿ, ಗಾಜು, ಕಕ್ಕಸು. ನನ್ನ ಬ್ಯಾಗಿನ ಜಿಪ್ಪು ಕಿತ್ತು ಬಟ್ಟೆಯೆಲ್ಲ ಹೊರಗೆ ಬರುತ್ತಿತ್ತು. ಚೀಲ ಕೇಳಿದರೆ ಏನಾದರೂ ಕೊಂಡರೆ ಮಾತ್ರ ಕೊಡುತ್ತೇವೆ ಅಂದರು. ಕಣ್ಣಿಗೆ ಬಿದ್ದದ್ದು ಖರ್ಜೂರ. ಇದು ನಾನು ದುಬೈ ಸುತ್ತಿದ ಕಥೆ.

ಇನ್ನೂ ಇದೆ. ಸೋಮವಾರ ನಮ್ಮ ಬೋರ್‌ವೆಲ್ ಲಾರಿ ನಿಂತಿದ್ದು ಮೊಂಗುವಿನ ಆಚೆ. ಲುಸಾಕಾ ಮುಟ್ಟಲು ಒಂದು ಇಡೀ ದಿನ ಬೇಕು. ನಡುವೆ ಕಾಡು, ಕತ್ತಲಾದರೆ ಆನೆ ಅಡ್ಡ ಬರುತ್ತವೆ ಅಂತ ಯಾರೂ ಗಾಡಿ ತೆಗೆಯುವುದಿಲ್ಲ. ಮಂಗಳವಾರ ಬೆಳಕು ಹರಿದ ಮೇಲೆ ಹೊರಟೆ. ಲುಸಾಕಾ ತಲುಪುವ ಹೊತ್ತಿಗೆ ಆ ದಿನದ ವಿಮಾನ ಹೋಗಿತ್ತು. ಇದನ್ನೆಲ್ಲ ಹನ್ನೊಂದನೇ ದಿನದವರೆಗೂ ಹೇಳಲು ನೋಡಿದೆ. ಯಾರು ಕೇಳಿದರು? ಹಳದಿ ಚೀಲ ನೋಡಿದವರಿಗೆ ಕಿವಿ ಇರಲಿಲ್ಲ.

ಇನ್ನು ಆ ಎಂಟು ಗಂಟೆ. ಇಂಟರ್‌ನೆಟ್ಟಿನಲ್ಲಿ ಒಂದು ಪುಟ ಇದೆ. ಎರಡು ಊರಿನ ಹೆಸರು ಹಾಕಿದರೆ ಹಕ್ಕಿ ಹಾರಿದ ಹಾಗೆ ಒಂದು ಗೆರೆ ಎಳೆಯುತ್ತದೆ. ಆರು ಸಾವಿರ ಚಿಲ್ಲರೆ ಕಿಲೋಮೀಟರು, ಎಂಟು ಗಂಟೆ ಅಂತ ತೋರಿಸುತ್ತದೆ. ಆ ಗೆರೆಯ ಮೇಲೆ ವಿಮಾನ ಓಡಾಡುತ್ತದೋ ಇಲ್ಲವೋ ಅದಕ್ಕೆ ಬೇಕಾಗಿಲ್ಲ. ಅದನ್ನು ನಂಬಿ ಹೆಣ ಇಟ್ಟುಕೊಂಡು ಕೂತವನು ಕತ್ತೆ. ಯಾವ ಕತ್ತೆ ಅಂತ ನೀನು ಬರೆದಿಲ್ಲ, ನನಗೆ ಗೊತ್ತು. ನಾನು ಬಂದ ದಿನ 'ಎಂಟು ಗಂಟೆ, ಎಂಟು ಗಂಟೆ' ಅಂತ ಎಲ್ಲರ ಮುಂದೆ ಬಡಬಡಿಸುತ್ತಿದ್ದವನು ಭಾವ ಕಾಟಲಿಂಗಪ್ಪ. ಇಪ್ಪತ್ತು ವರ್ಷ ಪ್ರೈವೇಟ್ ಬಸ್ಸಿನಲ್ಲಿ ಟಿಕೆಟ್ ಹರಿದ ಮನುಷ್ಯನಿಗೆ, ವಿಮಾನಕ್ಕೂ ಇಳಿದು ಹತ್ತುವುದು ಇರುತ್ತದೆ ಅಂತ ಹೊಳೆಯಲಿಲ್ಲ. ಮನೆ ಅಳಿಯನಾಗಿ ಕೂತು ಉಂಡರೆ ತಲೆ ಹಾಗೇ ಆಗುತ್ತದೆ.

ಮಮತಾ ಫೋನ್ ಎತ್ತುತ್ತಿಲ್ಲ. ಅವಳಪ್ಪ ಕಿತ್ತಿಟ್ಟುಕೊಂಡಿರಬೇಕು. ಅಕ್ಕ, ಅವಳನ್ನು ಬಿಟ್ಟರೆ ನನಗೆ ಬೇರೆ ಯಾರೂ ಬೇಡ. ಇದನ್ನು ನಿನ್ನ ಹತ್ತಿರ ಬಿಟ್ಟು ಇನ್ಯಾರ ಹತ್ತಿರ ಹೇಳಲಿ? ನೀನು ಹೊಸದುರ್ಗಕ್ಕೆ ಹೋಗು. ದುಬೈ ಅಂದರೆ ಬಸ್ ಸ್ಟ್ಯಾಂಡು ಇದ್ದ ಹಾಗೆ, ಎಂಟು ಗಂಟೆ ಅನ್ನುವುದು ಭಾವನ ದಡ್ಡ ಲೆಕ್ಕ ಅಂತ ಹೇಳಿ ಬಾ. ಎರಡೇ ಮಾತು.

ದುಬೈ ನೋಡದ,
ದುರುಗೇಶ್

*

ಧರ್ಮಪುರ ಹೋಬಳಿ
ಮೇ 11, 2025

ದುರುಗೇಶ,

ಸೇಲಂ ಕಡೆಯ ನಿಮ್ಮ ಡ್ರೈವರ್ ಬೆಂಗಳೂರಲ್ಲಿ ಪೋಸ್ಟ್ ಮಾಡಿದ ಕಾಗದ ಬಂತು. ಎರಡು ಸಲ ಓದಿದೆ. ಕುರ್ಚಿ ಇದೆ, ಗಾಜು ಇದೆ, ಕಕ್ಕಸು ಇದೆ, ಆನೆ ಇದೆ. ಅಪ್ಪ ಎಲ್ಲಿಯಾದರೂ ಇದ್ದಾನಾ ಅಂತ ಹುಡುಕಿದೆ. ಹೆಣ ಅನ್ನುವ ಮಾತು ಒಂದು ಕಡೆ ಸಿಕ್ಕಿತು, ಅಷ್ಟೇ.

ದುಬೈ ವಿಷಯ ಒಪ್ಪಿದೆ. ಅದು ನನಗೆ ಮೊದಲೇ ಹೊಳೆಯಬೇಕಿತ್ತು, ಸಂಕಟದಲ್ಲಿ ಹೊಳೆಯಲಿಲ್ಲ. ಹಟ್ಟಿಯವರಿಗೂ ಹೇಳಿದೆ. ಅರ್ಧ ಜನ ನಂಬಿದರು, ಇನ್ನರ್ಧಕ್ಕೆ ನಂಬಿದರೆ ಬೇಸಿಗೆಯಲ್ಲಿ ಮಾತಾಡಲು ವಿಷಯ ಇರುವುದಿಲ್ಲ.

ನಿನ್ನ ಭಾವ ಬುದ್ಧಿವಂತ ಅಂತ ನಾನು ಯಾವತ್ತೂ ಹೇಳಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೂ ಮನೆಗೆ ತಂದ ತರಕಾರಿಯಲ್ಲಿ ಒಂದು ಬದನೆಕಾಯಿ ಹುಳುಕಿಲ್ಲದೆ ಇರಲಿಲ್ಲ. ಮಾತು ಜಾಸ್ತಿ, ನಶ್ಯ ಜಾಸ್ತಿ, ತಾನೇ ಊರಿನ ಯಜಮಾನ ಅನ್ನುವ ಗತ್ತು ಬೇರೆ. ಆದರೆ ಬುಧವಾರ ಹೊತ್ತು ಇಳಿಯುವವರೆಗೂ ಮಣ್ಣು ತಡೆದವನು ಅವನೇ. ಹಿರಿಯರು ಬೈದರು, ನೆಂಟರು ಬೈದರು, ಹಸಿದ ಜನ ಇನ್ನೇನು ಮಾಡುತ್ತಾರೆ. ಒಂದೊಂದು ಬಸ್ಸು ಬಂದಾಗಲೂ ಎದ್ದು ರಸ್ತೆಗೆ ಹೋಗಿ ವಾಪಸ್ ಬಂದು, "ಎಂಟು ಗಂಟೆ ದಾರಿ, ಎಲ್ಲೋ ತಡ ಆಗೈತೆ, ಇನ್ನೊಂದು ಬಸ್ ನೋಡಾಣ ತಡೀರಪ್ಪ" ಅನ್ನುತ್ತಿದ್ದ. ಮಾರನೇ ದಿನ ನೀನು ಕೇಳಿಸಿಕೊಂಡದ್ದು ಅದೇ ಬಡಬಡಿಕೆ.

ನಿನಗೆ ಮಮತಾ ಬೇಕು, ಅದು ನನಗೂ ಅರ್ಥ ಆಗುತ್ತದೆ. ಅವಳು ನಮ್ಮ ಮನೆಗೆ ಬರಲಿ ಅಂತ ನನಗೂ ಆಸೆ ಇದೆ. ಆದ್ದರಿಂದ ಒಂದು ಮಾತು ಹೇಳುತ್ತೇನೆ, ಎಗರಾಡದೆ ಓದು. ದುಬೈನಲ್ಲಿ ಬಿರುಗಾಳಿ ಎದ್ದು ವಿಮಾನ ನಿಲ್ಲಿಸಿದ್ದರು ಅಂತ ಬೋರಣ್ಣನಿಗೆ ಹೇಳಿ ಬರುತ್ತೇನೆ. ಅವರು ತೆಂಗಿನಕಾಯಿ ವ್ಯಾಪಾರದವರು, ಗಾಳಿಗೆ ಲಾರಿ ತಡವಾದದ್ದನ್ನು ಕಂಡವರು, ಒಪ್ಪುತ್ತಾರೆ. ಎಂಟು ಗಂಟೆಯ ಮಾತನ್ನು ಮಾತ್ರ ಅಲ್ಲಿಗೇ ಬಿಡು. ಯಾರು ಹೇಳಿದರು, ಯಾರು ನಂಬಿದರು, ಅದನ್ನು ಕೆದಕಬೇಡ. ಅಕ್ಕನಾಗಿ ಹೇಳುತ್ತಿದ್ದೇನೆ, ಬೇಡ.

ಉಚ್ಚಂಗಮ್ಮ

*

ಮೊಂಗು
ಜೂನ್ 22, 2025

ಅಕ್ಕ,

ಬಿರುಗಾಳಿಯಂತೆ! ಸುಳ್ಳು ಹೇಳಿ ಹೆಣ್ಣು ತರುವ ಗತಿ ನನಗೆ ಬಂದಿಲ್ಲ. ನಾನು ಕಳ್ಳನಲ್ಲ, ಕುಡುಕನಲ್ಲ. ಬಿಸಿಲಲ್ಲಿ ಬೆಂದು ದುಡಿಯುವವನು. ಹೋಗುವ ದಾರಿಯಲ್ಲಿ ಇರುವ ಊರಲ್ಲಿ ಇಳಿದಿದ್ದಕ್ಕೆ ಬಿರುಗಾಳಿ ಎಬ್ಬಿಸಬೇಕಾ?

ಕೆದಕಬೇಡ ಅಂದೆಯಲ್ಲ, ಆಗಲೇ ನನಗೆ ಗೊತ್ತಾಯಿತು. ನೀನು ಗಂಡನ ಮಾನ ಕಾಯುತ್ತಿದ್ದೀಯ. ಭಾವನ ದಡ್ಡತನ ಹೊಸದುರ್ಗದವರೆಗೂ ಹೋಗಬಾರದು, ತಮ್ಮ ದುಬೈ ದುರುಗ ಆದರೂ ಪರವಾಗಿಲ್ಲ, ಹೌದು ತಾನೆ? ನಮ್ಮಪ್ಪನ ಮನೆಯಲ್ಲಿ ಉಂಡುಕೊಂಡು, ನಮ್ಮಪ್ಪನ ಕುರಿ ಮಾರಿಕೊಂಡು ಇರುವ ಆ ಮನುಷ್ಯನಿಂದ ನನಗೆ ಅಪ್ಪನ ಮಣ್ಣು ತಪ್ಪಿತು. ಈಗ ಹೆಂಡತಿಯೂ ತಪ್ಪಬೇಕಾ? ಕೆಲವರು ಬದುಕುವುದೇ ಇನ್ನೊಬ್ಬರ ಜಗಲಿ ಮೇಲೆ. ಅಂಥವರಿಗೆ ದೂರ ಅಂದರೇನು, ದಾರಿ ಅಂದರೇನು? ಚಳ್ಳಕೆರೆ ದಾಟಿದರೆ ಅವರಿಗೆ ಪ್ರಪಂಚ ಮುಗಿಯಿತು.

ಇದರ ಜೊತೆ ನನ್ನ ಬೋರ್ಡಿಂಗ್ ಪಾಸು ಎರಡೂ ಇಟ್ಟಿದ್ದೇನೆ. ಲುಸಾಕಾದಿಂದ ದುಬೈಗೆ ಒಂದು, ದುಬೈನಿಂದ ಬೆಂಗಳೂರಿಗೆ ಒಂದು. ಹೊತ್ತು, ತಾರೀಖು ಎಲ್ಲ ಇದೆ. ತೆಗೆದುಕೊಂಡು ಹೋಗು. ಬೋರಣ್ಣ ಮಾವನ ಮುಂದೆ, ಮಮತಾಳ ಮುಂದೆ ಇಡು. ಪೂರ್ತಿ ನಿಜ ಹೇಳು, ಅರ್ಧ ಬೇಡ. ಎಂಟು ಗಂಟೆ ಅಂತ ಮೊದಲು ಬಾಯಿ ಬಿಟ್ಟವನು ಯಾರು, ಹೆಸರು ಹಿಡಿದು ಹೇಳು. ಭಾವನನ್ನೂ ಕರೆದುಕೊಂಡು ಹೋಗು, ಅವನ ಎದುರಿಗೇ ಹೇಳು. ನಾನು ನಿಜಕ್ಕೆ ಹೆದರುವವನಲ್ಲ.

ಹೇಳದಿದ್ದರೆ ನನಗೆ ಅಕ್ಕ ಇಲ್ಲ ಅಂದುಕೊಳ್ಳುತ್ತೇನೆ.

ದುರುಗೇಶ್

*

ಧರ್ಮಪುರ ಹೋಬಳಿ
ಜುಲೈ 27, 2025

ದುರುಗೇಶ,

ಹೇಳಿ ಬಂದೆ.

ಹೋದ ಭಾನುವಾರ ನಾನೂ ನಿನ್ನ ಭಾವನೂ ಹೊಸದುರ್ಗಕ್ಕೆ ಹೋದೆವು. ಹಿರಿಯೂರಲ್ಲಿ ಬಸ್ ಬದಲಿಸುವಾಗ ಅವನು ನನ್ನ ಸೆರಗು ಹಿಡಿದು ನಿಲ್ಲಿಸಿದ. "ಬ್ಯಾಡ ಕಣೇ ಉಚ್ಚಂಗಿ. ಹುಡುಗನಿಗೆ ಅಪ್ಪನ ಮಣ್ಣೇ ಸಿಗ್ಲಿಲ್ಲ, ಇದೂ ಬೇರೆ ಯಾಕೆ. ಎಂಟು ಗಂಟೆ ಅಂದೋನು ನಾನೇ ಅಂತ ಹೇಳ್ಬುಡು. ನನಗೇನು, ಬೈಸ್ಕಂಡು ಅಭ್ಯಾಸ ಐತೆ" ಅಂದ. ನಾನು ಹೂಂ ಅನ್ನುವುದರಲ್ಲಿದ್ದೆ. ಆದರೆ ನಿನ್ನ ಕಾಗದ ಚೀಲದಲ್ಲಿತ್ತು. ನಮ್ಮಪ್ಪನ ಮನೆಯಲ್ಲಿ ಉಂಡುಕೊಂಡು ಅಂತ ಬರೆದಿದ್ದೆಯಲ್ಲ, ಅದು ನೆನಪಾಯಿತು. ನಿನಗೆ ಬೇಕಾದದ್ದು ನಿಜ ತಾನೆ, ನಿಜವನ್ನೇ ಕೊಡೋಣ ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ.

ಬೋರಣ್ಣ ಕೂರಿಸಿದರು. ಮಮತಾ ಹೊಲಿಗೆ ಮಿಷನ್ ಬಿಟ್ಟು ಎದ್ದು ಬಂದು ನೀರು ಕೊಟ್ಟಳು, ಅಲ್ಲೇ ಬಾಗಿಲ ಪಕ್ಕ ನಿಂತಳು. ನೀನು ಹೇಳಿದ ಹಾಗೆ ಹೆಸರು ಹಿಡಿದು ಹೇಳಿದೆ.

ಎಂಟು ಗಂಟೆ ಅಂತ ಮೊದಲು ಬಾಯಿ ಬಿಟ್ಟವನು ದುರುಗೇಶ. ದೀಪಾವಳಿಯ ಮಾರನೇ ದಿನ, ನಮ್ಮ ಜಗಲಿ ಮೇಲೆ, ಹತ್ತಾರು ಜನದ ಮುಂದೆ. ಆ ಪುಟ ಇದೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ, ತೆಗೆದು ತೋರಿಸಿದವನು ನೀನೇ. ಫೋನನ್ನು ಅಪ್ಪನ ಕಣ್ಣಿಗೆ ಹಿಡಿದು, "ನೋಡಪ್ಪ, ಬರೀ ಎಂಟು ಗಂಟೆ ದಾರಿ. ನೀನು ಕುರಿ ಹೊಡ್ಕಂಡು ಜೋಗಿಮಟ್ಟಿ ಗುಡ್ಡದ ಬುಡ ಮುಟ್ಟೋದ್ರೊಳಗೆ ನಾನು ಬಂದು ಮನ್ಯಾಗೆ ಕುಂತಿರ್ತೀನಿ" ಅಂದೆ. ಆಗ ನಿನ್ನ ಭಾವ, ಆ ದಡ್ಡ, ಕೇಳಿದ, "ಮಧ್ಯೆ ಎಲ್ಲೂ ಬದಲಿ ಇಲ್ವೇನಪ್ಪ?" ನೀನು ಹೇಗೆ ನಕ್ಕೆ ಅಂದರೆ ಎಲ್ಲರೂ ನಕ್ಕರು. "ಭಾವ, ಇದು ನಿಮ್ಮ ಪ್ರೈವೇಟ್ ಬಸ್ಸಲ್ಲ, ವಿಮಾನ" ಅಂದೆ. ಅವತ್ತಿಗಾಗಲೇ ನೀನು ಎಷ್ಟು ಸಲ ದುಬೈನಲ್ಲಿ ಇಳಿದು ಹತ್ತಿದ್ದೆಯೋ ನಿನಗೇ ಗೊತ್ತು. ನಾಲ್ಕು ಜನರ ಮುಂದೆ ದೊಡ್ಡವನಾಗಬೇಕಿತ್ತು, ಆದೆ. ಕಾಗದ ಬರೆಯುವಾಗ ಅದನ್ನು ಮರೆತಿದ್ದೆಯೋ, ನಾವು ಮರೆತಿರಬಹುದು ಅಂದುಕೊಂಡೆಯೋ, ಅದು ನನಗೆ ತಿಳಿಯದು.

ನಾವು ಮರೆಯಲಿಲ್ಲ, ಯಾಕೆಂದರೆ ಅಪ್ಪ ಮರೆಯಲಿಲ್ಲ. ಹಿರಿಯೂರು ಸಂತೆಯಲ್ಲಿ ಕುರಿ ಕೊಳ್ಳಲು ಬಂದವರಿಗೆಲ್ಲ ಹೇಳಿದ, "ನನ್ನ ಮಗ ದೂರ ಏನಿಲ್ಲ, ಎಂಟು ಗಂಟೆ ದಾರಿಯಾಗೆ ಅವ್ನೆ." ಸಂಕ್ರಾಂತಿಗೆ ಎದೆ ಕಟ್ಟಿಕೊಂಡು ಮಲಗಿದಾಗ ನಿನ್ನನ್ನು ಕರೆಸೋಣ ಅಂತ ನಾನು ದಿನಾ ಅಂದೆ. "ಈಗ್ಲೇ ಯಾಕವ್ವ ಹುಡುಗನ ಕೆಲ್ಸ ಕೆಡಿಸ್ತೀಯ? ಎಂಟು ಗಂಟೆ ದಾರಿ. ಬೇಕು ಅಂದಾಗ ಹೇಳಿದ್ರಾತು" ಅನ್ನುತ್ತಿದ್ದ. ಆ ಸೋಮವಾರ ಮಧ್ಯಾಹ್ನ ತಾನೇ ನನ್ನನ್ನು ಕರೆದು, "ಈಗ ಹೇಳು" ಅಂದ. ಮಂಚವನ್ನು ಬಾಗಿಲ ಕಡೆ ತಿರುಗಿಸಿಕೊಂಡ. ಎಂಟು ಗಂಟೆ ಕಳೆಯಿತು. ನೀನು ಬರಲಿಲ್ಲ ಅಂತ ಒಂದು ಮಾತೂ ಆಡಲಿಲ್ಲ, ದುರುಗೇಶ. "ಹಿರಿಯೂರಾಗೆ ಬಸ್ ಸಿಕ್ಕಿರಲ್ಲ" ಅಂತ ನಿನ್ನ ಪರವಾಗಿ ನನಗೇ ಸಮಾಧಾನ ಹೇಳಿದ. ಸಂಕ್ರಾಂತಿಗೇ ನಿನಗೆ ಹೇಳಿದ್ದರೆ ನಾಲ್ಕು ಸಲ ಹೋಗಿ ಬರುವಷ್ಟು ಸಮಯ ಇತ್ತು. ನಿನ್ನನ್ನು ಕರೆಸದ ಹಾಗೆ ಅಪ್ಪನನ್ನು ತಡೆದದ್ದು ಆನೆಯೂ ಅಲ್ಲ, ನಿನ್ನ ಭಾವನೂ ಅಲ್ಲ.

ಇಷ್ಟನ್ನೂ ಹೇಳಿದೆ. ನಾನು ನಿನ್ನ ಬೋರ್ಡಿಂಗ್ ಪಾಸು ತೆಗೆದೆ. ಮಮತಾ ಬೇಡ ಅಂತ ಕೈ ಆಡಿಸಿದಳು.

"ದುಬೈಯಾಗೆ ಇಳಿದು ಹತ್ತಬೇಕು ಅನ್ನೋದು ನಂಗೆ ಗೊತ್ತಿತ್ತಕ್ಕ" ಅಂದಳು. "ಓಬಣ್ಣನ ಹೆಂಡ್ತಿ ಯುಗಾದಿಗೆ ಮುಂಚೇನೇ ಹೇಳಿದ್ಲು. ಅವತ್ತಿಂದ ಅಪ್ಪಯ್ಯಗೆ ಹೇಳಿ ಹೇಳಿ ಒಪ್ಸಿದ್ದೆ."

ಬೋರಣ್ಣ ತಲೆಯಾಡಿಸಿದರು. ಆಷಾಢ ಕಳೆಯಲಿ ಅಂತ ಕಾಯುತ್ತಿದ್ದರಂತೆ. ಶ್ರಾವಣದಲ್ಲಿ ಅವರೇ ನಮ್ಮ ಮನೆಗೆ ಬಂದು, ಹಳೇ ಮಾತು ಬಿಡಿ, ದಿನ ನೋಡೋಣ ಅನ್ನುವವರಿದ್ದರಂತೆ. ನಾನು ಎಲ್ಲ ಹೇಳಿ ಮುಗಿಸಿದ ಮೇಲೆ ಇದು ನನಗೆ ತಿಳಿಯಿತು. ನೀನು ಸುಮ್ಮನೆ ಇದ್ದಿದ್ದರೆ ಸಾಕಿತ್ತು. ಅದೊಂದು ನಿನ್ನಿಂದ ಆಗುವುದಿಲ್ಲ.

ಮಮತಾ ಒಳಗೆ ಹೋದಳು. ಹೂ ಮುಡಿಸಿದ ದಿನ ನಾವು ಕೊಟ್ಟ ಸೀರೆಯನ್ನು, ಮಡಿಕೆ ಬಿಚ್ಚಿರಲಿಲ್ಲ, ಎರಡು ಕೈಯಲ್ಲಿ ತಂದು ನನ್ನ ಮಡಿಲಲ್ಲಿ ಇಟ್ಟಳು. ಕಣ್ಣಲ್ಲಿ ನೀರೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅವಳು ಅಂದದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ.

"ಹೂ ಮುಡಿಸಿದ ದಿನ ನಂಗೂ ಫೋನಾಗೆ ಅದೇ ತೋರಿಸಿದ್ರು ಅಕ್ಕ. ನೀನು ಕರೆದ್ರೆ ಎಂಟು ಗಂಟೆಯಾಗೆ ನಿನ್ನ ಮುಂದೆ ಇರ್ತೀನಿ ಅಂದ್ರು. ನಾನೂ ಮಾವನಂಗೇ ನಂಬ್ಕಂಡು ಕುಂತಿದ್ದೆ. ಬದಲಿ ಐತೆ ಅಂತ ತಿಳಿದ ಮೇಲೂ, ಲೆಕ್ಕ ತಪ್ಪಿ ಅಂದಿರ್ಬೇಕು ಅಂದ್ಕಂಡಿದ್ದೆ. ಅವ್ರು ದುಬೈ ನೋಡ್ಕಂಡೇ ಬಂದಿದ್ರೂ ಪರವಾಗಿರ್ಲಿಲ್ಲ."

ಸೀರೆ ಪೆಟ್ಟಿಗೆಯಲ್ಲಿದೆ. ನೀನು ಬರುವುದಾದರೆ ಎಷ್ಟು ದಿನ ಹಿಡಿಯುತ್ತದೆ ಅಂತ ಸರಿಯಾಗಿ ಬರೆ, ಆ ದಿನ ನೋಡಿ ನಿನ್ನ ಪಾಲಿನ ಅಕ್ಕಿಯನ್ನೂ ಅನ್ನಕ್ಕೆ ಹಾಕುತ್ತೇನೆ.

ಉಚ್ಚಂಗಮ್ಮ